ಪೆಟ್ಟಿಗೆಯ ಮೇಲಿನ ಕೆಂಪು ಗುರುತು

ಗೌರಿ ಹಬ್ಬಕ್ಕೆಂದು ಜರ್ಮನಿಯಿಂದ ಮಗಳು ಬಂದಾಗ ಅವಳ ಸೂಟ್‌ಕೇಸಿನಿಂದ ಚಾಕೊಲೇಟು, ಸಾಬೂನುಗಳ ಜೊತೆಗೆ ಎರಡು ದೊಡ್ಡ ರಟ್ಟಿನ ಪೆಟ್ಟಿಗೆಗಳೂ ಹೊರಬಿದ್ದವು. "ಇಷ್ಟು ಭಾರ ಯಾಕೆ ಹೊತ್ಕೊಂಡು ಬಂದೆಯೇ?" ಎಂದೆ. "ಬೋರ್ಡ್ ಗೇಮ್ ಅಮ್ಮ. ನಿನ್ನ ಮೊಮ್ಮಗನ ಕೈಯಿಂದ ಮೊಬೈಲ್ ಬಿಡಿಸೋದಕ್ಕೆ ನಾವು ಕಂಡುಕೊಂಡಿರೋ ಮದ್ದು" ಎಂದಳು. ನಮ್ಮ ಚೌಕಾಬಾರ, ಪಗಡೆ, ಅಳಗುಳಿಮಣೆಗಳ ವಂಶದ ಆಟಗಳೇ. ಆದರೆ ಆ ದೇಶದಲ್ಲಿ ಪುಸ್ತಕಗಳಿಗಿರುವಂತೆ ಆಟಗಳಿಗೂ ಪ್ರಕಾಶಕರಿದ್ದಾರೆ, ರಚಿಸಿದವರ ಹೆಸರಿರುತ್ತದೆ, ಪತ್ರಿಕೆಗಳಲ್ಲಿ ವಿಮರ್ಶೆ ಬರುತ್ತದೆ, ವರ್ಷಕ್ಕೊಮ್ಮೆ ಪ್ರಶಸ್ತಿಯೂ ಉಂಟು ಎಂಬುದು ನನಗೆ ತಿಳಿದದ್ದು ಆ ಹಬ್ಬದ ವಾರದಲ್ಲೇ.

ಎರಡು ಪೆಟ್ಟಿಗೆಗಳಲ್ಲಿ ಒಂದರ ಮೇಲೆ ಕೆಂಪು ಬಣ್ಣದ ಕಾಯಿಯೊಂದರ ಗುರುತು, ಅದರ ಸುತ್ತ ಎಲೆಗಳ ಮಾಲೆ. ಇನ್ನೊಂದರ ಮೇಲೆ ಏನೂ ಇಲ್ಲ. ಮೊಮ್ಮಗ ಕೆಂಪು ಗುರುತಿನ ಮೇಲೆ ಬೆರಳಿಟ್ಟು, "ಅಜ್ಜಿ, ಇದಕ್ಕೆ ಫಸ್ಟ್ ಪ್ರೈಜ್ ಬಂದಿದೆ. ಇದನ್ನೇ ಮೊದಲು ಆಡೋಣ" ಎಂದ. ಊರಿಂದೂರಿಗೆ ರೈಲುದಾರಿ ಹಾಕುವ ಆಟ. ಇಂಗ್ಲಿಷಿನಲ್ಲಿ 'ಟಿಕೆಟ್ ಟು ರೈಡ್', ಜರ್ಮನ್ ಭಾಷೆಯಲ್ಲಿ 'ಜುಗ್ ಉಮ್ ಜುಗ್'. ಐವತ್ತು ದಾಟಿದ ನನಗೂ ಕಾಲು ಗಂಟೆಯಲ್ಲಿ ತಿಳಿಯಿತು. ನಾಲ್ಕು ದಿನ ಅದನ್ನೇ ಆಡಿದೆವು. ಐದನೆಯ ದಿನ ಮಳೆ ಹಿಡಿಯಿತು, ಕರೆಂಟೂ ಹೋಯಿತು. ಬೇಸರ ಕಳೆಯಲೆಂದು ಗುರುತಿಲ್ಲದ ಪೆಟ್ಟಿಗೆಯನ್ನು ತೆರೆದೆವು. ಮೇಣದ ಬತ್ತಿಯ ಬೆಳಕಿನಲ್ಲಿ ರಾತ್ರಿ ಹನ್ನೊಂದರವರೆಗೆ ಆಡಿ, ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

"ಇದಕ್ಕೆ ಯಾಕೆ ಪ್ರೈಜ್ ಕೊಟ್ಟಿಲ್ಲ ಅಜ್ಜಿ?" ಎಂದು ಕೇಳಿದ ಹುಡುಗ.

ನಾನು ಅಳಿಯಂದಿರ ಮುಖ ನೋಡಿದೆ. "ಅತ್ತೆ, ಅದು ಮೂರೇ ಜನ ಸೇರಿ ನಡೆಸುವ ಪ್ರಕಾಶನದ ಆಟ. ತೀರ್ಪುಗಾರರ ಕಣ್ಣಿಗೆ ಬಿತ್ತೋ ಇಲ್ಲವೋ ಯಾರಿಗೆ ಗೊತ್ತು?" ಎಂದರು. ಎಲ್ಲರೂ ಮಲಗಿದರು. ನನಗೆ ಮಾತ್ರ ಬಹಳ ಹೊತ್ತು ನಿದ್ದೆ ಬರಲಿಲ್ಲ. ತೀರ್ಪುಗಾರರ ಕಣ್ಣಿಗೆ ಬೀಳುವುದು ಎಂಬ ಮಾತು ನನ್ನ ಹಳೆಯ ತಪ್ಪೊಂದನ್ನು ಎಬ್ಬಿಸಿತ್ತು. ಅದನ್ನು ಮೊದಲು ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ತಾಲ್ಲೂಕು ಮಟ್ಟದ ಮಕ್ಕಳ ಸ್ಪರ್ಧೆಯಲ್ಲಿ ಛದ್ಮವೇಷಕ್ಕೆ ನಾನೊಬ್ಬಳು ತೀರ್ಪುಗಾರಳಾಗಿದ್ದೆ. ದೊಡ್ಡ ಶಾಲೆಯೊಂದರ ಹುಡುಗಿ ಕಿತ್ತೂರು ಚೆನ್ನಮ್ಮನಾಗಿ ಬಂದಳು. ಬಾಡಿಗೆಗೆ ತಂದ ಜರಿಯ ಉಡುಪು, ಮಿರುಗುವ ಕತ್ತಿ, ರಟ್ಟಿನ ಕುದುರೆ. ಅವಳ ನಂತರ ಹಳ್ಳಿಯ ಶಾಲೆಯ ಹುಡುಗಿಯೊಬ್ಬಳು ಅಜ್ಜಿಯ ಹಳೆಯ ಸೀರೆಯುಟ್ಟು, ಸೊಂಟದ ಮೇಲೊಂದು ಕೊಡ ಇಟ್ಟು ಸಾಲುಮರದ ತಿಮ್ಮಕ್ಕನಾಗಿ ನಿಂತಳು. ಗಿಡಕ್ಕೆ ನೀರೆರೆಯುತ್ತ ಮಗುವಿನೊಡನೆ ಮಾತಾಡುವಂತೆ ಮಾತಾಡಿದಳು. ಸಭೆ ಸದ್ದಿಲ್ಲದೆ ಕೇಳಿತು. ನಮ್ಮ ಕೈಯಲ್ಲಿದ್ದ ಅಂಕಪಟ್ಟಿಯಲ್ಲಿ ಅಭಿನಯಕ್ಕೊಂದು ಕಲಂ, ಮಾತಿಗೊಂದು ಕಲಂ, ವೇಷಭೂಷಣಕ್ಕೊಂದು ಕಲಂ. ಮೂರನ್ನೂ ಪ್ರಾಮಾಣಿಕವಾಗಿ ತುಂಬಿ ಕೂಡಿದಾಗ ಮೊದಲ ಬಹುಮಾನ ಚೆನ್ನಮ್ಮನಿಗೆ ಹೋಯಿತು. ತಿಮ್ಮಕ್ಕನಿಗೆ ಮೂರನೆಯದೂ ಬರಲಿಲ್ಲ.

ನಮ್ಮಲ್ಲಿ ಯಾರೂ ಮೋಸ ಮಾಡಿರಲಿಲ್ಲ. ಯಾರ ಶಿಫಾರಸ್ಸೂ ಇರಲಿಲ್ಲ. ಆದರೂ ಅನ್ಯಾಯ ಆಗಿತ್ತು. ನಾವು ಪೆನ್ನು ಹಿಡಿಯುವ ಮೊದಲೇ ಅದು ಆ ಅಂಕಪಟ್ಟಿಯಲ್ಲಿ ಬಂದು ಕೂತಿತ್ತು. ಮಗುವಿನ ಪ್ರತಿಭೆಗೆ ಅಂಕ ಕೊಡುತ್ತಿದ್ದೇವೆ ಎಂದುಕೊಂಡು ಅಪ್ಪನ ಜೇಬಿಗೂ ಅಂಕ ಕೊಟ್ಟಿದ್ದೆವು. ಇದು ನನಗೆ ಹೊಳೆದದ್ದು ಮನೆಗೆ ಬಂದು ಅಕ್ಕಿ ಆರಿಸಲು ಕೂತಾಗ.

ಆಟಗಳ ಪ್ರಶಸ್ತಿಯ ಬಗ್ಗೆ ಓದಬೇಕೆನಿಸಿದ್ದು ಈ ಕಾರಣಕ್ಕೇ. ಮಗಳು ಇದ್ದಷ್ಟು ದಿನ ಅವಳಿಂದ ಕೇಳಿದೆ. ಅವಳು ಹೋದ ಮೇಲೆ ಓದಿದೆ.

ಆ ಕೆಂಪು ಗುರುತಿನ ಪ್ರಶಸ್ತಿಯ ಹೆಸರು 'ಷ್ಪೀಲ್ ಡೆಸ್ ಯಾರೆಸ್', ಎಂದರೆ ವರ್ಷದ ಆಟ. ಜರ್ಮನಿಯ ಆಟದ ವಿಮರ್ಶಕರು 1978ರಲ್ಲಿ ಕೂಡಿ ಆರಂಭಿಸಿದ್ದು. ಮೊದಲ ಪ್ರಶಸ್ತಿ 1979ರಲ್ಲಿ ಡೇವಿಡ್ ಪಾರ್ಲೆಟ್ ಎಂಬ ಇಂಗ್ಲಿಷಿನವರು ರಚಿಸಿದ ಆಮೆ ಮೊಲದ ಓಟದ ಆಟಕ್ಕೆ ಸಂದಿತು. ಈಗ ಮಕ್ಕಳ ಆಟಕ್ಕೆ ನೀಲಿ ಗುರುತಿನ ಪ್ರಶಸ್ತಿ, ಪಳಗಿದವರ ಆಟಕ್ಕೆ ಬೂದು ಗುರುತಿನದು ಬೇರೆ ಇವೆ. ಗೆದ್ದವರಿಗೆ ಹಣ ಕೊಡುವುದಿಲ್ಲ. ಆ ಗುರುತನ್ನು ಪೆಟ್ಟಿಗೆಯ ಮೇಲೆ ಹಾಕಿಕೊಳ್ಳುವ ಹಕ್ಕೇ ಬಹುಮಾನ. ಅದಕ್ಕೂ ಪ್ರಕಾಶಕರೇ ಶುಲ್ಕ ಕಟ್ಟಬೇಕು. ಆ ಶುಲ್ಕದಿಂದಲೇ ವಿಮರ್ಶಕರ ಸಂಘ ನಡೆಯುತ್ತದೆ.

ಇದೇನು ವಿಚಿತ್ರ, ಬಹುಮಾನ ಪಡೆದವರೇ ದುಡ್ಡು ಕೊಡುವುದೇ ಎಂದು ನೀವು ಹುಬ್ಬೇರಿಸಬಹುದು. ನಾನೂ ಏರಿಸಿದೆ. ಆದರೆ ಆ ಗುರುತಿನ ಬೆಲೆ ಕೇಳಿ. ಜರ್ಮನಿಯಲ್ಲಿ ಸಾಧಾರಣ ಆಟವೊಂದು ಕೆಲವು ಸಾವಿರ ಪ್ರತಿ ಮಾರಾಟವಾದರೆ ಪ್ರಕಾಶಕರು ಸಮಾಧಾನಪಡುತ್ತಾರೆ. ಕೆಂಪು ಗುರುತು ಬಿದ್ದ ಆಟ ಸಾಮಾನ್ಯವಾಗಿ ಮೂರರಿಂದ ಐದು ಲಕ್ಷ ಪ್ರತಿ ಹೋಗುತ್ತದೆ. ಬೇಸಿಗೆಯಲ್ಲಿ ಪ್ರಶಸ್ತಿ ಘೋಷಣೆಯಾದರೆ ಡಿಸೆಂಬರಿನ ಕ್ರಿಸ್ಮಸ್ಸಿಗೆ ಅಜ್ಜ ಅಜ್ಜಿಯರು ಅಂಗಡಿಗೆ ಹೋಗಿ ಕೆಂಪು ಗುರುತಿನದು ಕೊಡಿ ಎಂದು ಕೇಳುತ್ತಾರೆ. ಆಟದ ಹೆಸರು ಕೂಡ ಅವರಿಗೆ ಬೇಕಿಲ್ಲ. ಸಣ್ಣ ಪ್ರಕಾಶಕನೊಬ್ಬನಿಗೆ ಆ ಗುರುತು ಬಿತ್ತೆಂದರೆ ಮಕ್ಕಳ ಓದು, ಮನೆಯ ಸಾಲ ಎಲ್ಲ ತೀರಿದ ಹಾಗೆ. ಬೀಳದಿದ್ದವನ ಆಟ ಮುಂದಿನ ವರ್ಷಕ್ಕೆ ಮರೆತೇ ಹೋಗುತ್ತದೆ.

ಮೊದಲು ಈ ಪ್ರಶಸ್ತಿಯ ಗುಣ ಹೇಳಬೇಕು, ಏಕೆಂದರೆ ಅದರಲ್ಲಿ ಗುಣ ಬಹಳವಿದೆ. ಆಟ ರಚಿಸುವವರು, ಮಾರುವವರು ಯಾರೂ ತೀರ್ಪುಗಾರರ ಸಾಲಿನಲ್ಲಿ ಕೂರುವಂತಿಲ್ಲ. ಅಲ್ಲಿರುವವರು ಪತ್ರಿಕೆ ಮುಂತಾದ ಕಡೆ ಆಟಗಳ ಬಗ್ಗೆ ಬರೆಯುವವರು. ನೂರಾರು ಆಟಗಳನ್ನು ನಿಜವಾಗಿ ಆಡಿ ನೋಡುತ್ತಾರೆ. ಆಟದ ಕಲ್ಪನೆ ಹೊಸದೇ, ನಿಯಮ ತಿಳಿಯುವ ಹಾಗೆ ಬರೆದಿದೆಯೇ, ಸಾಮಗ್ರಿ ಮತ್ತು ಚಿತ್ರ ಹೇಗಿವೆ ಎಂದು ತೂಗುತ್ತಾರೆ. ಮೊದಲು ಶಿಫಾರಸ್ಸಿನ ಪಟ್ಟಿ, ಆಮೇಲೆ ಕೊನೆಯ ಸುತ್ತಿಗೆ ಮೂರು, ಕೊನೆಗೆ ಒಂದು. ಯಾಕೆ ಆರಿಸಿದೆವು ಎಂದು ಕಾರಣವನ್ನೂ ಬರೆದು ಪ್ರಕಟಿಸುತ್ತಾರೆ. ನಮ್ಮಲ್ಲಿ ಎಷ್ಟು ಪ್ರಶಸ್ತಿಗಳಿಗೆ ಕಾರಣ ಬರೆದು ಕೊಡುತ್ತಾರೆ, ಹೇಳಿ?

ಫಲವೂ ಕಣ್ಣೆದುರಿಗಿದೆ. ಮ್ಯೂನಿಕ್ ನಗರದ 'ಹಾನ್ಸ್ ಇಮ್ ಗ್ಲುಕ್' ಎಂಬ ಪ್ರಕಾಶನ 1983ರಲ್ಲಿ ಹುಟ್ಟಿದ್ದು. ಬೆರಳೆಣಿಕೆಯ ಜನರ ಸಂಸ್ಥೆ. 1883ರಿಂದ ಇರುವ ರಾವೆನ್ಸ್‌ಬುರ್ಗರ್‌ನಂಥ ದೊಡ್ಡ ಮನೆತನದ ಎದುರು ಈ ಪುಟ್ಟ ಸಂಸ್ಥೆ 1991, 1994, 1996, 2001, 2006 ಮತ್ತು 2009ರಲ್ಲಿ, ಒಟ್ಟು ಆರು ಸಲ ಕೆಂಪು ಗುರುತು ಗೆದ್ದಿತು. 2020ರಲ್ಲಿ ಗೆದ್ದ 'ಪಿಕ್ಚರ್ಸ್' ಎಂಬ ಆಟವಂತೂ ನನಗೆ ಬಹಳ ಹಿಡಿಸಿತು. ಡಾನಿಯೆಲಾ ಮತ್ತು ಕ್ರಿಸ್ಟಿಯಾನ್ ಷ್ಟೋರ್ ದಂಪತಿ ರಚಿಸಿದ್ದು, ಪಿ.ಡಿ. ಎಂಬ ಸಣ್ಣ ಪ್ರಕಾಶನದ್ದು. ಅದರೊಳಗೆ ಏನಿದೆ ಗೊತ್ತೇ? ಶೂಲೇಸು, ಕಲ್ಲು, ಕಡ್ಡಿ, ಮರದ ತುಂಡು, ಬಣ್ಣದ ಚೌಕಗಳು. ಮುಂದಿರುವ ಫೋಟೋಗಳಲ್ಲಿ ಒಂದನ್ನು ಇವುಗಳಿಂದ ಜೋಡಿಸಿ ತೋರಿಸಬೇಕು, ಉಳಿದವರು ಯಾವ ಫೋಟೋ ಎಂದು ಊಹಿಸಬೇಕು. ನಲಿಕಲಿ ತರಗತಿಯಲ್ಲಿ ಹುಣಸೆಬೀಜ, ಬೆಂಕಿಕಡ್ಡಿ ಹಿಡಿದು ಪಾಠ ಮಾಡಿದ ನಮ್ಮಂಥವರಿಗೆ ಇದಕ್ಕಿಂತ ಆಪ್ತವಾದ ಆಟ ಇನ್ನಾವುದು? ಮರುವರ್ಷ, 2021ರಲ್ಲಿ, ಬರ್ಲಿನ್ನಿನ ಆಟದ ಕೆಫೆಯೊಂದರಿಂದ ಬೆಳೆದ 'ಎಡಿಷನ್ ಷ್ಪೀಲ್‌ವೀಸೆ' ಎಂಬ ಪುಟ್ಟ ಪ್ರಕಾಶನಕ್ಕೆ ಪ್ರಶಸ್ತಿ ಹೋಯಿತು. ತಿಮ್ಮಕ್ಕನ ವೇಷದ ಹುಡುಗಿ ಆ ತೀರ್ಪುಗಾರರ ಮುಂದೆ ನಿಂತಿದ್ದರೆ ಬಹುಶಃ ಗೆಲ್ಲುತ್ತಿದ್ದಳು.

ಹಾಗಾದರೆ ನನ್ನ ತಕರಾರೇನು? ತಕರಾರು ತೀರ್ಪುಗಾರರ ಮೇಲಲ್ಲ. ಅವರ ಮೇಜಿನವರೆಗಿನ ದಾರಿಯ ಮೇಲೆ, ಮೇಜಿನಿಂದ ಆಚೆಗಿನ ದಾರಿಯ ಮೇಲೆ.

ಮೊದಲು ಈಚೆಯ ದಾರಿ ನೋಡೋಣ. ಆಟ ಜರ್ಮನ್ ಭಾಷೆಯ ಮಾರುಕಟ್ಟೆಯಲ್ಲಿ ಹೊಸದಾಗಿ ಬಂದಿರಬೇಕು ಎಂಬುದು ನಿಯಮ. ತಪ್ಪಿಲ್ಲ, ಅದು ಅವರ ಭಾಷೆಯ ಪ್ರಶಸ್ತಿ. ಆದರೆ ಅಮೆರಿಕದ ಸುಸಾನ್ ಮೆಕಿನ್ಲಿ ರಾಸ್ ಎಂಬ ಮಹಿಳೆಯ 'ಕ್ವಿರ್ಕಲ್' ಆಟದ ಕಥೆ ನೋಡಿ. ಆರು ಬಣ್ಣ, ಆರು ಆಕಾರ, 108 ಮರದ ಬಿಲ್ಲೆಗಳು, ಅಷ್ಟೆ. ಓದು ಬಾರದ ಮಗುವೂ ಆಡಬಹುದು. ಅಮೆರಿಕದಲ್ಲಿ ಅದು 2006ರಲ್ಲೇ ಬಂತು. ಕೆಂಪು ಗುರುತು ಸಿಕ್ಕಿದ್ದು 2011ರಲ್ಲಿ, ಷ್ಮಿಟ್ ಎಂಬ ದೊಡ್ಡ ಜರ್ಮನ್ ಸಂಸ್ಥೆ ಅದನ್ನು ತನ್ನ ಪಟ್ಟಿಗೆ ಸೇರಿಸಿಕೊಂಡ ಮೇಲೆ. ಐದು ವರ್ಷದಲ್ಲಿ ಆಟದೊಳಗಿನ ಗುಣ ಹೆಚ್ಚಿತೇ? ಇಲ್ಲ. ಬಿಲ್ಲೆಗಳು ಅವೇ, ಬುದ್ಧಿಯೂ ಅದೇ. ಬಾಗಿಲು ತೆರೆಯುವವರು ಸಿಕ್ಕಿದರು, ಅಷ್ಟೇ. ಹಾಗೆ ಯಾರೂ ಸಿಗದೆ ಹೊಸ್ತಿಲ ಹೊರಗೇ ಉಳಿದ ಆಟಗಳ ಲೆಕ್ಕ ಯಾವ ಪಟ್ಟಿಯಲ್ಲೂ ಬರುವುದಿಲ್ಲ.

ಜರ್ಮನಿಯ ಒಳಗಿನವರಿಗೂ ದಾರಿ ಸಮವಾಗಿಲ್ಲ. ಎಸೆನ್ ನಗರದಲ್ಲಿ ಪ್ರತಿ ಅಕ್ಟೋಬರಿನಲ್ಲಿ ಆಟಗಳ ದೊಡ್ಡ ಜಾತ್ರೆ ನಡೆಯುತ್ತದೆ. 2024ರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಹೋಗಿದ್ದರು. ಒಂದೊಂದು ಜಾತ್ರೆಗೆ ಸಾವಿರಕ್ಕೂ ಹೆಚ್ಚು ಹೊಸ ಆಟಗಳು ಬರುತ್ತವೆ. ದೊಡ್ಡ ಸಂಸ್ಥೆ ಹತ್ತಾರು ಮೇಜು ಹಾಕಿ, ಆಟ ಹೇಳಿಕೊಡಲು ಜನರನ್ನಿಟ್ಟು, ವಿಮರ್ಶಕರಿಗೆಲ್ಲ ಪ್ರತಿ ಕಳಿಸುತ್ತದೆ. ಗಂಡ ಹೆಂಡತಿ ಇಬ್ಬರೇ ನಡೆಸುವ ಪ್ರಕಾಶನದಲ್ಲಿ ಗಂಡ ಆಟ ಹೇಳಿಕೊಡುವಾಗ ಹೆಂಡತಿ ಬಿಲ್ಲು ಬರೆಯಬೇಕು, ಮಗುವಿಗೆ ಹಾಲೂ ಕಾಯಿಸಬೇಕು. ಸಂತೆಯಲ್ಲಿ ಗಾಡಿ ತುಂಬ ತರಕಾರಿ ಹಾಕಿಕೊಂಡವನ ಪಕ್ಕದಲ್ಲಿ ಒಂದು ಬುಟ್ಟಿ ಸೊಪ್ಪು ಇಟ್ಟುಕೊಂಡು ಕೂತ ಅಜ್ಜಿಯನ್ನು ನೀವು ನೋಡಿಲ್ಲವೇ? ಸೊಪ್ಪು ಎಷ್ಟು ಎಳೆಯದಾದರೂ ಕಣ್ಣು ಮೊದಲು ಹೋಗುವುದು ಗಾಡಿಯ ಕಡೆಗೇ.

ಹಾಗಾದರೆ ತಜ್ಞರನ್ನು ಬಿಟ್ಟು ಜನರೇ ಆರಿಸಲಿ ಎನ್ನುವವರಿದ್ದಾರೆ. ಅದೂ ನಡೆದಿದೆ. ಅಮೆರಿಕದಲ್ಲಿ ಪಾತ್ರ ವಹಿಸಿ ಆಡುವ ಆಟಗಳಿಗೆಂದೇ 2001ರಿಂದ 'ಎನ್ನೀ' ಎಂಬ ಪ್ರಶಸ್ತಿಗಳಿವೆ. ಮೇಜಿನ ಸುತ್ತ ಕೂತು ಒಬ್ಬರು ಕಥೆ ನಡೆಸುವುದು, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡುತ್ತ, ನಡುವೆ ದಾಳ ಉರುಳಿಸುತ್ತ ಮುಂದೆ ಸಾಗುವುದು. ಕೇಳಿದಾಗ ನನಗೆ ನಮ್ಮ ತಾಳಮದ್ದಳೆ ನೆನಪಾಯಿತು, ವೇಷವಿಲ್ಲ, ಮಾತೇ ಎಲ್ಲ. ಅಭಿಮಾನಿಗಳು ಐವರು ತೀರ್ಪುಗಾರರನ್ನು ಆರಿಸುತ್ತಾರೆ. ಪ್ರಕಾಶಕರು ತಾವೇ ಅವರಿಗೆ ಆಟಗಳನ್ನು ಒಪ್ಪಿಸುತ್ತಾರೆ. ಆ ಐವರು ವಿಭಾಗಕ್ಕೆ ಐದರಂತೆ ಆರಿಸಿದ ಮೇಲೆ ಸಾರ್ವಜನಿಕರ ಮತದಿಂದ ಚಿನ್ನ, ಬೆಳ್ಳಿ ತೀರ್ಮಾನವಾಗುತ್ತದೆ.

ನೋಡಲು ಇದಕ್ಕಿಂತ ನ್ಯಾಯ ಇನ್ನೊಂದಿಲ್ಲ ಅನ್ನಿಸುತ್ತದೆ. ಅಡ್ಡಿ ಇರುವುದು ಕೊನೆಯ ಹೆಜ್ಜೆಯಲ್ಲಿ. ಐದು ಆಟಗಳಲ್ಲಿ ಒಂದನ್ನು ಲಕ್ಷಾಂತರ ಮಂದಿ ಆಡಿದ್ದಾರೆ, ಇನ್ನೊಂದನ್ನು ಎಂಟುನೂರು ಮಂದಿ ಎಂದಿಟ್ಟುಕೊಳ್ಳಿ. ಆ ಎಂಟುನೂರೂ ಮಂದಿ ತಪ್ಪದೆ ಮತ ಹಾಕಿದರೂ ಲಕ್ಷದಲ್ಲಿ ನೂರಕ್ಕೊಬ್ಬರು ಹಾಕಿದ ಮತಕ್ಕೆ ಅವರು ಸಮನಾಗುವುದಿಲ್ಲ. ಮತ ಹಾಕುವವರು ಐದನ್ನೂ ಆಡಿ ಹೋಲಿಸಿರಬೇಕು ಎಂದು ಯಾರು ಪರೀಕ್ಷೆ ಮಾಡುತ್ತಾರೆ? 2015ರಲ್ಲಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಪ್ರಸಿದ್ಧ ಆಟದ ಹೊಸ ಆವೃತ್ತಿಯ ಪುಸ್ತಕ ವರ್ಷದ ಶ್ರೇಷ್ಠ ಕೃತಿಯ ಚಿನ್ನ ಗೆದ್ದಿತು. ಅದು ಒಳ್ಳೆಯ ಕೃತಿಯೇ ಇರಬಹುದು. ಆದರೆ ಅದರ ಹಿಂದಿರುವುದು ಹ್ಯಾಸ್ಬ್ರೊ ಎಂಬ ಆಟಿಕೆಗಳ ದೈತ್ಯ ಕಂಪನಿ. ಅದರ ಎದುರು ನಿಂತ ಸಣ್ಣವರಿಗೆ ಸೋಲು ಗುಣದಲ್ಲಾಯಿತೋ ಸಂಖ್ಯೆಯಲ್ಲಾಯಿತೋ ತಿಳಿಯುವ ದಾರಿಯೇ ಇಲ್ಲ. ನನ್ನ ಮಟ್ಟಿಗೆ ಅದು ಸೋಲಿಗಿಂತ ದೊಡ್ಡ ಅನ್ಯಾಯ.

ಇನ್ನೊಂದು ಬದಿಯನ್ನೂ ಹೇಳದಿದ್ದರೆ ನಾನೂ ಅನ್ಯಾಯ ಮಾಡಿದಂತೆ. ಅದೇ ಎನ್ನೀಯಲ್ಲಿ 2020ರಲ್ಲಿ 'ಮೋರ್ಕ್ ಬೋರಿ' ಎಂಬ ಸ್ವೀಡನ್ನಿನ ಸಣ್ಣವರ ಆಟ ವರ್ಷದ ಶ್ರೇಷ್ಠ ಕೃತಿ ಎನಿಸಿತು. ಅಂದರೆ ಬಾಗಿಲು ಪೂರಾ ಮುಚ್ಚಿಲ್ಲ. ಇನ್ನೂ ತಮಾಷೆ ಎಂದರೆ, ಈಗ ದೊಡ್ಡದೆನಿಸಿದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಕೂಡ 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರ ಕೂಸು. ಮೊದಲ ಮುದ್ರಣ ಬರಿಯ ಸಾವಿರ ಪ್ರತಿ. ಅದನ್ನು ಪ್ರಕಟಿಸಿದ ಸಂಸ್ಥೆಯನ್ನು 1997ರಲ್ಲಿ ವಿಝರ್ಡ್ಸ್ ಆಫ್ ದಿ ಕೋಸ್ಟ್ ಕೊಂಡಿತು, ವಿಝರ್ಡ್ಸನ್ನು 1999ರಲ್ಲಿ ಹ್ಯಾಸ್ಬ್ರೊ ಕೊಂಡಿತು. ಇಂದಿನ ಅತ್ತೆ ಅಂದಿನ ಸೊಸೆ ಎನ್ನುವುದು ನಮ್ಮ ಮನೆಗಳಲ್ಲಿ ಮಾತ್ರವಲ್ಲ.

ಈ ಕೊಳ್ಳುವ ಮಾತೇ ನನ್ನನ್ನು ಮೇಜಿನಿಂದ ಆಚೆಗಿನ ದಾರಿಗೆ ತಂದು ನಿಲ್ಲಿಸಿತು. ಸಣ್ಣವನು ಗೆದ್ದ ಮೇಲೆ ಏನಾಗುತ್ತದೆ? ಕೆಲವೇ ತಿಂಗಳಲ್ಲಿ ಲಕ್ಷಗಟ್ಟಲೆ ಪೆಟ್ಟಿಗೆ ಮುದ್ರಿಸಿ, ಕಾಯಿ ಮಾಡಿಸಿ, ಅಂಗಡಿಗಳಿಗೆ ತಲುಪಿಸಬೇಕು. ಅಷ್ಟು ದುಡ್ಡು, ಅಷ್ಟು ಗೋದಾಮು ಎಲ್ಲಿಂದ ಬರಬೇಕು? ಎಲಿಜಬೆತ್ ಹಾರ್ಗ್ರೇವ್ ಎಂಬ ಪಕ್ಷಿಪ್ರೇಮಿ ಮಹಿಳೆ 170 ಹಕ್ಕಿಗಳ ಚೀಟಿಗಳಿಂದ ರಚಿಸಿದ 'ವಿಂಗ್‌ಸ್ಪ್ಯಾನ್' ಆಟ 2019ರಲ್ಲಿ ಬಂದಾಗ ಅದರ ಪುಟ್ಟ ಪ್ರಕಾಶನ ಅಚ್ಚು ಹಾಕಿಸಿದ ಪ್ರತಿಗಳು ಕೇಳಿದವರಿಗೆಲ್ಲ ಸಾಲದೆ ಹೋದವು. ಅದಿನ್ನೂ ಪ್ರಶಸ್ತಿ ಬರುವ ಮೊದಲು. ಆ ವರ್ಷವೇ ಬೂದು ಗುರುತಿನ ಪ್ರಶಸ್ತಿ ಅದಕ್ಕೆ ಬಂತು. ಗೆಲುವು ಕೂಡ ಸಣ್ಣವರ ಹೆಗಲಿಗೆ ಭಾರವೇ. ಬಡವರ ಮನೆಗೆ ಇದ್ದಕ್ಕಿದ್ದಂತೆ ದಿಬ್ಬಣ ಬಂದರೆ ಹೇಗಿರುತ್ತದೆ, ಹಾಗೆ.

ನಾವು ನಾಲ್ಕು ದಿನ ಆಡಿದ ರೈಲಿನ ಆಟವನ್ನೇ ತೆಗೆದುಕೊಳ್ಳಿ. ಅದರ ಪ್ರಕಾಶನ 'ಡೇಸ್ ಆಫ್ ವಂಡರ್' ಹುಟ್ಟಿದ್ದು 2002ರಲ್ಲಿ. 2004ರಲ್ಲಿ ಕೆಂಪು ಗುರುತು. 2014ರಲ್ಲಿ ಅದನ್ನು ಫ್ರಾನ್ಸಿನ ಆಸ್ಮೋಡೆ ಕಂಪನಿ ಕೊಂಡಿತು. 2019ರಲ್ಲಿ ಗೆದ್ದ ಬೆಲ್ಜಿಯಮ್ಮಿನ ಪ್ರಕಾಶನವನ್ನು 2020ರಲ್ಲಿ, 2018ರಲ್ಲಿ ಗೆದ್ದ ಪ್ರಕಾಶನವನ್ನು 2021ರಲ್ಲಿ ಅದೇ ಆಸ್ಮೋಡೆ ಕೊಂಡಿತು. ಆಸ್ಮೋಡೆಯನ್ನೇ 2022ರಲ್ಲಿ ಸ್ವೀಡನ್ನಿನ ಇನ್ನೊಂದು ಕಂಪನಿ 275 ಕೋಟಿ ಯೂರೋ ಕೊಟ್ಟು ಕೊಂಡು, 2025ರಲ್ಲಿ ಮತ್ತೆ ಬೇರೆ ಮಾಡಿತು. ಗೆಲ್ಲುವಾಗ ಮೂರು ಬೇರೆ ಬೇರೆ ಮನೆಯ ಮಕ್ಕಳು. ಈಗ ಮೂವರದೂ ಒಂದೇ ಮನೆ. ಮಾರಿದವರು ಸಂತೋಷದಿಂದಲೇ ಮಾರಿರಬಹುದು, ಅದು ಅವರ ಹಕ್ಕು. ಆದರೆ ಸಣ್ಣವರನ್ನು ಹುಡುಕಿ ಮೇಲೆತ್ತುವ ಪ್ರಶಸ್ತಿಯೇ ದೊಡ್ಡವರಿಗೆ ಏನು ಕೊಳ್ಳಬೇಕೆಂದು ತೋರಿಸುವ ಕೈಮರವೂ ಆಗುತ್ತದಲ್ಲ ಎಂದು ವ್ಯಥೆಯಾಗುತ್ತದೆ. ಮರುವರ್ಷ ಪುಟ್ಟ ಪ್ರಕಾಶನದ ಪಕ್ಕದಲ್ಲಿ ನಿಲ್ಲುವ ಪ್ರತಿಸ್ಪರ್ಧಿ ಇನ್ನಷ್ಟು ದೊಡ್ಡದಾಗಿರುತ್ತದೆ.

ದೊಡ್ಡವರ ಕೈಗೆ ಹೋದಾಗ ಹೆಸರೇ ಅಳಿಸಿಹೋದ ಕಥೆಯೂ ಉಂಟು. ನಾವೆಲ್ಲ ಚಿಕ್ಕಂದಿನಲ್ಲಿ 'ಬಿಸಿನೆಸ್' ಎಂದು ಬೊಂಬಾಯಿ, ಕಲ್ಕತ್ತೆಗಳನ್ನು ಕೊಂಡು ಮಾರಿ ಆಡುತ್ತಿದ್ದೆವಲ್ಲ, ಅದರ ಮೂಲ ಅಮೆರಿಕದ 'ಮೊನೊಪೊಲಿ'. ಅದರ ಬೇರು ಎಲಿಜಬೆತ್ ಮ್ಯಾಗಿ ಎಂಬ ಮಹಿಳೆ 1904ರಲ್ಲಿ ಪೇಟೆಂಟ್ ಪಡೆದ 'ಲ್ಯಾಂಡ್‌ಲಾರ್ಡ್ಸ್ ಗೇಮ್'. ಜಮೀನುದಾರರ ಬಾಡಿಗೆ ಬಡವರನ್ನು ಹೇಗೆ ಹಿಂಡುತ್ತದೆ ಎಂದು ತೋರಿಸಲು ಅವಳು ಅದನ್ನು ರಚಿಸಿದ್ದು. 1935ರಲ್ಲಿ ಪಾರ್ಕರ್ ಬ್ರದರ್ಸ್ ಕಂಪನಿ 500 ಡಾಲರ್ ಕೊಟ್ಟು ಅವಳ ಹಕ್ಕನ್ನು ಕೊಂಡಿತು. ಜಗತ್ತು ಹೊಗಳಿದ್ದು ಮಾತ್ರ ಚಾರ್ಲ್ಸ್ ಡಾರೋ ಎಂಬವನನ್ನು. ಇಂಥದು ತಮಗೆ ಆಗಬಾರದೆಂದೇ 1988ರಲ್ಲಿ ನ್ಯೂರೆಂಬರ್ಗಿನ ಆಟಿಕೆ ಮೇಳದಲ್ಲಿ ಹದಿಮೂರು ಮಂದಿ ರಚನಕಾರರು ಬಿಯರ್ ಲೋಟದ ಕೆಳಗಿಡುವ ರಟ್ಟಿನ ಬಿಲ್ಲೆಯ ಮೇಲೆ ಸಹಿ ಹಾಕಿ, ಪೆಟ್ಟಿಗೆಯ ಮೇಲೆ ನಮ್ಮ ಹೆಸರು ಹಾಕದವರಿಗೆ ಆಟ ಕೊಡುವುದಿಲ್ಲ ಎಂದು ಪಣ ತೊಟ್ಟರು. ಈಗ ಅಲ್ಲಿ ಪೆಟ್ಟಿಗೆಯ ಮೇಲೆ ರಚಿಸಿದವರ ಹೆಸರಿರುವುದು ವಾಡಿಕೆ. ನ್ಯಾಯ ಕೆಲವೊಮ್ಮೆ ಅಷ್ಟು ಪುಟ್ಟ ರಟ್ಟಿನಿಂದಲೂ ಶುರುವಾಗುತ್ತದೆ.

ಸಣ್ಣವರಿಗೇ ಬೇರೊಂದು ಪ್ರಶಸ್ತಿ ಇಟ್ಟರೆ ಮುಗಿಯಿತಲ್ಲ ಎನ್ನಬಹುದು. ಇದಕ್ಕೆ ಉತ್ತರ ಹೇಳಲು ನನಗೆ ಜರ್ಮನಿಗೆ ಹೋಗಬೇಕಿಲ್ಲ. ನಮ್ಮ ಸಾಹಿತ್ಯ ಸಮ್ಮೇಳನಗಳಲ್ಲಿ ಮಧ್ಯಾಹ್ನ ಊಟವಾದ ಮೇಲೆ, ಅರ್ಧ ಸಭೆ ಎದ್ದು ಹೋದ ಹೊತ್ತಿನಲ್ಲಿ, 'ಮಹಿಳಾ ಗೋಷ್ಠಿ' ಇಡುತ್ತಾರೆ, ನೋಡಿದ್ದೀರಲ್ಲ. ಮೊದಮೊದಲು ಅದು ಬೇಕಿತ್ತು. ಅಷ್ಟಾದರೂ ವೇದಿಕೆ ಸಿಕ್ಕಿತು. ಆದರೆ ಬರಬರುತ್ತ ಅದೇ ನೆಪವಾಯಿತು. ಮುಖ್ಯ ಗೋಷ್ಠಿಯಲ್ಲಿ ಹೆಂಗಸರಿಲ್ಲವಲ್ಲ ಎಂದರೆ, ನಿಮಗೆ ಬೇರೆ ಇಟ್ಟಿದ್ದೇವಲ್ಲ ತಾಯಿ ಎನ್ನುತ್ತಾರೆ. ಸಣ್ಣ ಪ್ರಕಾಶಕರಿಗೂ ಹಾಗಾಗಬಾರದು. ಹಾನ್ಸ್ ಇಮ್ ಗ್ಲುಕ್ ಗೆದ್ದದ್ದಕ್ಕೆ ಬೆಲೆ ಬಂದದ್ದು ದೊಡ್ಡವರ ಸಾಲಿನಲ್ಲೇ ನಿಂತು ಗೆದ್ದದ್ದರಿಂದ.

ಹಾಗಾದರೆ ಏನು ಮಾಡಬೇಕು? ನನಗೆ ತೋಚಿದಷ್ಟು ಹೇಳುತ್ತೇನೆ. ತೀರ್ಪುಗಾರರು ತಮಗೆ ಬಂದದ್ದನ್ನಷ್ಟೇ ನೋಡದೆ ಬಾರದ್ದನ್ನೂ ಹುಡುಕಿಕೊಂಡು ಹೋಗಬೇಕು. ಸಂತೆಯಲ್ಲಿ ಗಾಡಿಗಳ ನಡುವೆ ಬುಟ್ಟಿಗಳ ಮುಂದೆಯೂ ಬಗ್ಗಬೇಕು. ಒಂದೇ ಗೆಲುವಿನ ಸದ್ದಿನಲ್ಲಿ ಶಿಫಾರಸ್ಸಿನ ಪಟ್ಟಿ ಮುಚ್ಚಿಹೋಗದಂತೆ ಆ ಪಟ್ಟಿಗೂ ಪ್ರಚಾರ ಕೊಡಬೇಕು. ಸಣ್ಣವರಿಗೆ ಹೆಚ್ಚು ದಕ್ಕುವುದು ಅಲ್ಲೇ. ಜನರ ಮತದಿಂದ ಕೊಡುವ ಬಹುಮಾನವನ್ನು ಜನಪ್ರಿಯ ಎಂದು ಕರೆಯಲಿ, ಶ್ರೇಷ್ಠ ಎಂದು ಕರೆಯುವುದು ಬೇಡ. ಎರಡೂ ಗೌರವದ ಮಾತೇ, ಆದರೆ ಒಂದೇ ಮಾತಲ್ಲ. ಗುರುತಿನ ಶುಲ್ಕದಲ್ಲಿ ಒಂದು ಪಾಲನ್ನು ಗೆದ್ದ ಸಣ್ಣ ಪ್ರಕಾಶಕರ ಮೊದಲ ದೊಡ್ಡ ಮುದ್ರಣಕ್ಕೆ ಸಾಲವಾಗಿ ಕೊಡುವಂತಾದರೆ ಎಷ್ಟು ಚೆನ್ನ. ಶುಲ್ಕದ ಬಗ್ಗೆ ಇನ್ನೊಂದು ಮಾತು. ಗೆದ್ದ ಮೇಲೆ ಕಟ್ಟುವುದು, ಸ್ಪರ್ಧೆಗೆ ಇಳಿಯುವಾಗಲೇ ಕಟ್ಟುವುದಕ್ಕಿಂತ ಬಡವರಿಗೆ ಎಷ್ಟೋ ವಾಸಿ. ಆದರೆ ಹೆಚ್ಚು ಮಾರಾಟವಾಗುವ ಆಟದಿಂದ ಹೆಚ್ಚು ಹಣ ಬರುವಾಗ ಮನಸ್ಸು ತಿಳಿಯದೆಯೇ ಅತ್ತ ವಾಲಬಹುದು. ಅವರು ವಾಲಿದ್ದಾರೆಂದು ಹೇಳಲು ನನ್ನಲ್ಲಿ ಯಾವ ಆಧಾರವೂ ಇಲ್ಲ. ಅಂಕಪಟ್ಟಿ ಹಿಡಿದು ಒಮ್ಮೆ ವಾಲಿದವಳಾದ್ದರಿಂದ ಎಚ್ಚರಿಕೆಯ ಮಾತು ಹೇಳುತ್ತಿದ್ದೇನೆ, ಅಷ್ಟೆ.

ಈ ಸಲ ಮತ್ತೆ ಛದ್ಮವೇಷಕ್ಕೆ ತೀರ್ಪುಗಾರಳಾಗಿ ಬನ್ನಿ ಎಂದು ಕರೆ ಬಂತು. ಎರಡು ಷರತ್ತು ಹಾಕಿದೆ. ಮಕ್ಕಳನ್ನು ಶಾಲೆಯ ಹೆಸರಿನಿಂದ ಕರೆಯದೆ ಸಂಖ್ಯೆಯಿಂದ ಕರೆಯಬೇಕು. ವೇಷಭೂಷಣದ ಕಲಮಿನಲ್ಲಿ ಬೆಲೆಗಲ್ಲ, ಪಾತ್ರಕ್ಕೆ ಒಪ್ಪುವ ಜಾಣ್ಮೆಗೆ ಅಂಕ. "ಏನು ಮೇಡಂ, ಇಷ್ಟು ಸಣ್ಣ ವಿಷಯಕ್ಕೆ" ಎಂದು ನಕ್ಕರು, ಆದರೆ ಒಪ್ಪಿದರು. ಫಲಿತಾಂಶ ಏನಾಯಿತು ಗೊತ್ತೇ? ಮೊದಲ ಬಹುಮಾನ ಮತ್ತೆ ದೊಡ್ಡ ಶಾಲೆಯ ಹುಡುಗನಿಗೇ ಹೋಯಿತು. ಅವನು ನಿಜಕ್ಕೂ ಚೆನ್ನಾಗಿ ಮಾಡಿದ. ನನಗೆ ಬೇಸರವಾಗಲಿಲ್ಲ. ಸಣ್ಣವರೇ ಗೆಲ್ಲಬೇಕೆಂದು ನಾನೆಂದೂ ಹೇಳಲಿಲ್ಲ. ಸೋತ ಮಗುವೊಂದು ನನ್ನ ಹತ್ತಿರ ಬಂದು ಯಾಕೆ ಸೋತೆ ಎಂದು ಕೇಳಿದರೆ, ಅದರ ಕಣ್ಣು ನೋಡಿ ಉತ್ತರ ಹೇಳುವ ಸ್ಥಿತಿಯಲ್ಲಿ ನಾನಿರಬೇಕು, ಅಷ್ಟೇ ನನಗೆ ಬೇಕಿದ್ದದ್ದು. ಈ ಸಲ ಇದ್ದೆ.

ಮಗಳು ಹೊರಡುವಾಗ ಎರಡು ಪೆಟ್ಟಿಗೆಗಳನ್ನೂ ನನ್ನ ಹತ್ತಿರವೇ ಬಿಟ್ಟುಹೋದಳು. ಭಾನುವಾರ ಅಕ್ಕಪಕ್ಕದ ಮಕ್ಕಳು ಆಡಲು ಬರುತ್ತಾರೆ. ಅವರು ಬರುವ ಮೊದಲೇ ನಾನು ಎರಡರ ಮುಚ್ಚಳವನ್ನೂ ತೆಗೆದು ಬೀರುವಿನ ಮೇಲಿಡುತ್ತೇನೆ. ಮೇಜಿನ ಮೇಲೆ ಬರಿಯ ಕಾಯಿಗಳು, ಚೀಟಿಗಳು ಇರುತ್ತವೆ. ಯಾವುದು ಬೇಕೋ ಅವರೇ ಆರಿಸಿಕೊಳ್ಳುತ್ತಾರೆ.